‘ಶಟಪ್!’ ಅಂದ್ರ ಬೈದಾರೇನ್ ಅಕ್ಕಾ? ಆಳಂದ, ಅಫಜಲಪುರ, ಜೇವರ್ಗಿ ದಾರಿಯಲ್ಲಿ ಉದ್ಗಾರಗಳ ಬೆನ್ನು ಹತ್ತಿ

ಕಲಬುರಗಿ ಬಸ್ ನಿಲ್ದಾಣದಲ್ಲಿ ಆಳಂದದ ಬಸ್ಸಿಗೆ ಜನ ಸೀಟು ಹಿಡಿಯೋದನ್ನ ಒಮ್ಮೆ ನೋಡಬೇಕು. ಕಿಟಕಿಯೊಳಗಿಂದ ಟವೆಲ್ ಒಗೆದವನು ಒಬ್ಬ, ಆ ಟವೆಲ್ ಸರಿಸಿ ಕೂತವಳು ಇನ್ನೊಬ್ಬಳು, ಇಬ್ಬರ ನಡುವೆ ನ್ಯಾಯ ಹೇಳಬೇಕಾದ ಕಂಡಕ್ಟರ್ ಮೂರನೆಯವನು. ಐದು ನಿಮಿಷದೊಳಗೆ ‘ಯವ್ವಾ’, ‘ಯಪ್ಪಾ’, ‘ಏ ಶಿವನ’, ‘ಅರೆರೆರೆ’, ‘ತೌಬಾ ತೌಬಾ’, ‘ಅಗ್ಗಬಾಯಿ’ ಎಲ್ಲ ಕಿವಿಗೆ ಬಿದ್ದಿರ್ತವೆ. ಕನ್ನಡ, ದಖ್ಖನಿ, ಮರಾಠಿ ಮೂರೂ ಬಂದುಹೋದವು, ಯಾರೂ ಯಾರಿಗೂ ‘ಹಂಗಂದ್ರೇನು’ ಅಂತ ಕೇಳಲಿಲ್ಲ. ಬಸ್ ಹೊರಟಿತು, ಜಗಳ ಆಡಿದವರೇ ಶೇಂಗಾ ಹಂಚಿಕೊಂಡು ತಿಂದರು.

ನಾನು ಈ ಸಲ ಹೊರಟಿದ್ದು ಅಫಜಲಪುರ ತಾಲ್ಲೂಕಿನ ಚಿಗವ್ವನ ಊರಿಗೆ. ಆಳಂದದಲ್ಲಿ ಅರ್ಧ ದಿನದ ಕೆಲಸವಿತ್ತು, ಆಮೇಲೆ ಜೇವರ್ಗಿಯಲ್ಲಿ ಒಂದು ಮದುವೆ ಮಾತುಕತೆ. ಮೂರು ತಾಲ್ಲೂಕು, ಮೂರು ದಿನ. ಚಿಗವ್ವನ ಮಗಳು ಮಾತ್ರ ನನ್ನ ದಾರಿ ಕಾಯ್ತಿದ್ದಳು. ಹೊರಡುವ ಹಿಂದಿನ ರಾತ್ರಿ ಹನ್ನೊಂದಕ್ಕೆ ಅವಳ ವಾಟ್ಸಾಪ್ ವಾಯ್ಸ್ ಮೆಸೇಜು: “ಅಕ್ಕಾ, ನಮ್ ಸಾಹೇಬರು ‘ಶಟಪ್’ ಅಂತ ಬರದಾರ. ಬೈದಾರೋ ಹೊಗಳ್ಯಾರೋ ಒಂದೂ ತಿಳೀವಲ್ದು. ನೌಕ್ರಿ ಹೋಯ್ತೇನೋ ಅನ್ಸಲತ್ತದ. ನೀ ಬಾ, ಬಂದ್ ಮ್ಯಾಲ ಹೇಳ್ತೀನಿ.”

ಹುಡುಗಿ 371(ಜೆ) ಮೀಸಲಾತಿಯಲ್ಲಿ ಎಂಜಿನಿಯರಿಂಗ್ ಸೀಟು ಪಡೆದವಳು. ಆ ಮನೆಯಲ್ಲಿ ಕಂಪನಿ ಕೆಲಸಕ್ಕೆ ಸೇರಿದ ಮೊದಲನೆಯವಳು. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಉಳಿದಂತೆ ಹೈದರಾಬಾದ್‌ನಲ್ಲಿ ಪಿ.ಜಿ. ಇನ್ನೂ ಪ್ರೊಬೇಷನ್ ಮುಗಿದಿಲ್ಲ. ಅವಳ ಪಗಾರದ ಮೇಲೆ ತಮ್ಮನ ಕಾಲೇಜು ಫೀಸು, ಹೊಲದ ಬೋರ್‌ವೆಲ್ ಸಾಲದ ಕಂತು ಎರಡೂ ನಿಂತಿವೆ. ಹೀಗಿರುವಾಗ ಒಂದು ಪದ ಬೈಗುಳವೋ ಮೆಚ್ಚುಗೆಯೋ ಅನ್ನೋದು ಸಣ್ಣ ಪ್ರಶ್ನೆ ಆಗೋದಿಲ್ಲ ನೋಡ್ರಿ.

ಆಳಂದ ದಾರಿಯಲ್ಲಿ ಮೊದಲು ಸಿಗೋದು ಕಡಗಂಚಿ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರೋದು ಇಲ್ಲೇ. ತೊಗರಿ ಹೊಲಗಳ ನಡುವೆ ಕಾಂಪೌಂಡ್, ಗೇಟಿನ ಮುಂದೆ ಚಹಾ ಅಂಗಡಿ. ಕೇರಳ, ಬಿಹಾರ, ಒಡಿಶಾದ ಹುಡುಗರು ಬಸ್ ಹತ್ತಿದರು. ಅವರು ತಮ್ಮತಮ್ಮಲ್ಲಿ ಆಡೋದು ಇಂಗ್ಲಿಷು, ಹಿಂದಿ. ಆದರೆ ಬಸ್ ಗುಂಡಿಗೆ ಬಿದ್ದಾಗ ಬಾಯಿಂದ ಬಂದಿದ್ದು ‘ಅಮ್ಮೇ’, ‘ಬಾಪ್ ರೇ’, ‘ಯಪ್ಪಾ’. ಕಲಿತ ಭಾಷೆ ಗುಂಡಿಗೆ ಬಿದ್ದಾಗ ಕೈ ಕೊಡುತ್ತದೆ. ಗುಂಡಿಗೆ ಬಿದ್ದಾಗಲೂ ಇಂಗ್ಲಿಷಿನಲ್ಲೇ ಚೀರಿದ ಒಬ್ಬ ಹುಡುಗನನ್ನ ಗೆಳೆಯರು ಮುಂದಿನ ಸ್ಟಾಪಿನವರೆಗೂ ಬಿಡಲಿಲ್ಲ, ಕಾಡಿಸಿದರು.

ಶಾಲೆಯ ವ್ಯಾಕರಣದಲ್ಲಿ ಇವಕ್ಕೆ ‘ಭಾವಸೂಚಕಾವ್ಯಯ’ ಅಂತ ಹೆಸರು. ಪರೀಕ್ಷೆಗೆ ಒಂದು ಅಂಕ. ‘ಅಯ್ಯೋ, ಅಬ್ಬಾ, ಆಹಾ, ಭಲೇ’ ಅಂತ ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗ್ತಾರೆ. ಇಂಗ್ಲಿಷ್ ವ್ಯಾಕರಣದಲ್ಲಿ ಇನ್ನೂ ಕಡಿಮೆ: ‘ಹುರ್ರಾ! ವಿ ಹ್ಯಾವ್ ವನ್ ದ ಮ್ಯಾಚ್’, ‘ಅಲಾಸ್! ಹಿ ಈಸ್ ಡೆಡ್’. ಎರಡೇ ವಾಕ್ಯ, ತಲೆಮಾರುಗಳಿಂದ ಅವೇ. ‘ಅಲಾಸ್’ ಅಂತ ಬಾಯಿಬಿಟ್ಟು ಅಂದವರನ್ನ ನಾನಂತೂ ಇದುವರೆಗೆ ಕಂಡಿಲ್ಲ. ‘ಶಟಪ್’, ‘ನೋ ವೇ’, ‘ಗೆಟ್ ಔಟ್ ಆಫ್ ಹಿಯರ್’, ‘ಹೋಲಿ ಕೌ’, ‘ಸ್ಟಾಪ್ ಇಟ್’ ಇವೆಲ್ಲ ಪುಸ್ತಕದಲ್ಲಿ ಬರೋದೇ ಇಲ್ಲ. ಇವೇ ಆಫೀಸಿನ ಚಾಟ್‌ನಲ್ಲಿ ದಿನಾ ಬರ್ತವೆ.

ಆಳಂದ ಪೂರ್ತಿ ಗಡಿ ಊರು. ಆ ಕಡೆ ಉಮರ್ಗಾ, ಈ ಕಡೆ ಅಕ್ಕಲಕೋಟ, ಸೊಲ್ಲಾಪುರ. ಊರೊಳಗೆ ಲಾಡ್ಲೆ ಮಶಾಯಕರ ದರ್ಗಾ. ಸಂತೆಯಲ್ಲಿ ಒಂದೇ ಚೌಕಾಸಿಯೊಳಗೆ ಮೂರು ಭಾಷೆ ಬರ್ತವೆ. ಇಲ್ಲಿಯ ಅಜ್ಜಂದಿರಿಗೆ ಭಾಷೆ ಕಲಿಯೋದು ಹೊಸದಲ್ಲ. 1948ರವರೆಗೆ ಇದು ನಿಜಾಮರ ಆಳ್ವಿಕೆ, ಕಚೇರಿ ಉರ್ದುವಿನಲ್ಲಿ, ವ್ಯಾಪಾರ ಮರಾಠಿಯಲ್ಲಿ, ಮನೆ ಕನ್ನಡದಲ್ಲಿ. 1956ರ ನವೆಂಬರ್ 1ಕ್ಕೆ ರಾಜ್ಯ ಬದಲಾಯಿತು, ನಾಲಿಗೆ ಒಂದೇ ದಿನಕ್ಕೆ ಬದಲಾಗಲಿಲ್ಲ. ‘ಶಹಭಾಷ್’ ಫಾರಸಿಯಿಂದ ಬಂದದ್ದು ಅಂತ ಯಾರಿಗೆ ನೆನಪದೆ ಈಗ?

ಬಟ್ಟೆ ಅಂಗಡಿಯಲ್ಲಿ ಇಬ್ಬರು ಹುಡುಗರು ಮೊಬೈಲ್‌ನಲ್ಲಿ ಕ್ರಿಕೆಟ್ ನೋಡ್ತಿದ್ದರು. ಸಿಕ್ಸರ್ ಬಿತ್ತು. ಒಬ್ಬ ‘ಆಯ್ಲಾ!’ ಅಂದ. ಇನ್ನೊಬ್ಬ ‘ನಿಮ್ಮೌ...’ ಅಂತ ಶುರು ಮಾಡಿ, ನನ್ನನ್ನ ನೋಡಿ ಅರ್ಧಕ್ಕೇ ನುಂಗಿದ. ಎರಡೂ ಒಂದೇ ಜಾತಿಯ ಮಾತು. ಮರಾಠಿಯ ‘ಆಯ್ಲಾ’ ತಾಯಿಯ ಹೆಸರು ಹಿಡಿದ ಬೈಗುಳದ ತುಂಡು, ನಮ್ಮದೂ ಹಾಗೇ. ತುಂಡಾದ ಮೇಲೆ ವಿಷ ಇಳಿದು ಬರೀ ಬೆರಗು ಉಳೀತದೆ. ಅಂಗಡಿ ಮಾಲೀಕ, ವಯಸ್ಸಾದವರು, ಹುಡುಗನನ್ನ ನೋಡಿ ಕನ್ನಡಕ ಸರಿ ಮಾಡಿಕೊಂಡರು, ಅಷ್ಟೇ.

ಇಂಗ್ಲಿಷಿನವರ ಅರ್ಧ ಉದ್ಗಾರಗಳು ಹೀಗೆ ತುಂಡರಿಸಿದವೇ. ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ದೇವರ ಹೆಸರನ್ನ ವ್ಯರ್ಥವಾಗಿ ಎತ್ತಬಾರದು ಅನ್ನೋದೂ ಒಂದು. 1606ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನೇ ಬಂತು: ನಾಟಕದ ರಂಗದ ಮೇಲೆ ತಮಾಷೆಗೆ ದೇವರ ಹೆಸರು ತೆಗೆದರೆ 10 ಪೌಂಡ್ ದಂಡ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಬಾಯಿಗಂತೂ ಹೊರಬರಲು ದಾರಿ ಬೇಕಲ್ಲ, ‘ಗಾಡ್’ ಅನ್ನೋದು ‘ಗಾಶ್’ ಆಯಿತು, ‘ಜೀಸಸ್’ ‘ಜೀ’ ಆಯಿತು, ‘ಡ್ಯಾಮ್’ ‘ಡಾರ್ನ್’ ಆಯಿತು, ‘ಹೆಲ್’ ‘ಹೆಕ್’ ಆಯಿತು. ‘ಹೋಲಿ’ ಅಂತ ಶುರು ಮಾಡಿ ಪವಿತ್ರವಾದದ್ದೇನನ್ನೋ ಹೇಳಲು ಹೋದವರು ಕಡೇ ಗಳಿಗೆಯಲ್ಲಿ ಆಕಳಿನ ಕಡೆ ತಿರುಗಿಕೊಂಡರು: ‘ಹೋಲಿ ಕೌ!’ ಅಮೆರಿಕದ ಬೇಸ್‌ಬಾಲ್ ಕಾಮೆಂಟರಿಯಲ್ಲಿ ಹ್ಯಾರಿ ಕ್ಯಾರೆ ಅದನ್ನ ಮನೆಮಾತು ಮಾಡಿದರು. 1966ರ ಬ್ಯಾಟ್‌ಮನ್ ಟಿ.ವಿ. ಸರಣಿಯಲ್ಲಿ ರಾಬಿನ್ ಕಂಡಕಂಡದ್ದಕ್ಕೆಲ್ಲ ‘ಹೋಲಿ’ ಹಚ್ಚಿದ. ನಮ್ಮ ಹುಡುಗರು ಇದನ್ನ ಮೊದಲ ಸಲ ಕೇಳಿದಾಗ ಗೋಮಾತೆಗೆ ಅಮೆರಿಕದಲ್ಲೂ ಭಕ್ತರಿದ್ದಾರೆ ಅಂದ್ಕೊಂಡರೆ ತಪ್ಪು ಅವರದಲ್ಲ.

ನಮ್ಮ ಕಡೆ ಇದು ತಿರುಗಾಮುರುಗಾ. ಇಲ್ಲಿ ದೇವರ ಹೆಸರು ಎತ್ತೋದೇ ಪುಣ್ಯ. ಕಾಲಿಗೆ ಕಲ್ಲು ಬಡಿದರೂ ಶಿವ, ಆಕಳಿಸಿದರೂ ಶಿವ. ಹಾಗಾಗಿ ದೇವರ ಹೆಸರನ್ನ ಮುಚ್ಚಿಡುವ ಚೇಷ್ಟೆ ನಮ್ಮ ಉದ್ಗಾರಗಳಿಗೆ ಬೇಕಾಗಲೇ ಇಲ್ಲ. ‘ಗಾಶ್’ ಅನ್ನೋದನ್ನ ಕಲಿಯೋ ಹುಡುಗಿಗೆ ಇದರ ಹಿಂದೆ ಒಂದು ಅಂಜಿಕೆ ಇತ್ತು ಅಂತ ಹೇಳದಿದ್ದರೆ ಅದು ಬರೀ ಸದ್ದು. ಇನ್ನು ‘ಓಎಂಜಿ’ ಮೊಬೈಲ್ ಹುಡುಗರ ಕಂಡುಹಿಡಿಕೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಫಿಶರ್ 1917ರಲ್ಲೇ ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಕಾಗದದಲ್ಲಿ ಅದನ್ನ ಬಳಸಿದ್ದರು, ಎಪ್ಪತ್ತಾರರ ವಯಸ್ಸಿನಲ್ಲಿ.

ಆಳಂದ ತಾಲ್ಲೂಕಿನ ಕೊರಳ್ಳಿ ಹತ್ತಿರ ಅಮರ್ಜಾ ಹೊಳೆಗೆ ಅಣೆಕಟ್ಟು ಅದೆ. ಆ ಹೊಳೆ ಮುಂದೆ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಗೆ ಕೂಡ್ತದೆ. ನನ್ನ ಬಸ್ಸು ಹೊಳೆಗಿಂತ ನಿಧಾನ ಹೋಯಿತು, ಅದರ ಕಥೆ ಬೇಡ.

ಚಿಗವ್ವನ ಮನೆ ಮುಟ್ಟಿದಾಗ ಸಂಜೆ. ಹುಡುಗಿ ಕೈಕಾಲು ತೊಳೆಯಲೂ ಬಿಡದೆ ಲ್ಯಾಪ್‌ಟಾಪ್ ತಂದಿಟ್ಟಳು. ಅಮೆರಿಕದ ಲೀಡ್ ಬರೆದದ್ದು ಇಷ್ಟೇ: “ಶಟಪ್! ಯು ಡಿಡ್ ದಿಸ್ ಆಲ್ ಬೈ ಯುವರ್‌ಸೆಲ್ಫ್?” ಅದರ ಕೆಳಗೆ ಇವಳು ಕಳಿಸದೇ ಉಳಿಸಿಕೊಂಡ ಉತ್ತರ, ನಾಲ್ಕು ಸಾಲು. ತುಂಬಾ ಸಾರಿ ಸರ್, ಇನ್ನು ಮೇಲೆ ಕೇಳದೆ ಯಾವ ಕೆಲಸಕ್ಕೂ ಕೈ ಹಾಕೋದಿಲ್ಲ, ದಯವಿಟ್ಟು ಒಂದು ಅವಕಾಶ ಕೊಡಿ. ಎರಡು ದಿನದಿಂದ ಮೀಟಿಂಗ್‌ನಲ್ಲಿ ಮ್ಯೂಟ್ ಹಾಕ್ಕೊಂಡೇ ಕೂತಿದ್ದಾಳೆ.

“ಹೊಗಳ್ಯಾನ ಹುಚ್ಚಿ, ಬೈದಿಲ್ಲ,” ಅಂದೆ.

“ಬಾಯಿ ಮುಚ್ಚು ಅನ್ನೋದು ಹೊಗಳಿದ್ದೇನ್ ಅಕ್ಕಾ?”

ಇದಕ್ಕೆ ನಾನು ಉತ್ತರ ಜೋಡಿಸ್ತಾ ಇದ್ದೆ. ನೀನು ಹೇಳ್ತಿರೋದು ನಂಬಲಾಗದಷ್ಟು ಚೆನ್ನಾಗಿದೆ, ಇನ್ನು ಹೇಳಬೇಡ, ತಡಕೊಳ್ಳಾಕಾಗಲ್ಲ ಅನ್ನುವ ಅರ್ಥ ಅಂತ. ‘ಗೆಟ್ ಔಟ್ ಆಫ್ ಹಿಯರ್’ ಕೂಡ ಹಾಗೇ, ಇಂಥಾ ಸುಳ್ಳು ಹೇಳೋದಾದರೆ ಎದ್ದು ಹೋಗು ಅನ್ನುವ ಆಟ. ಅಷ್ಟರಲ್ಲಿ ಆಯಿ ಒಳಗಿಂದ ಬಂದಳು. ಎಂಬತ್ತು ದಾಟಿದ ಜೀವ. ಮಧ್ಯಾಹ್ನ ನನಗಾಗಿ ಈ ಹುಡುಗಿ ರೊಟ್ಟಿ ಬಡಿದಿಟ್ಟಿದ್ದಳಂತೆ, ಬುಟ್ಟಿ ತುಂಬ. ಆಯಿ ಬುಟ್ಟಿ ಮೇಲಿನ ಬಟ್ಟೆ ತೆಗೆದು ನೋಡಿ, ಮೊಮ್ಮಗಳ ಬೆನ್ನಿಗೆ ಒಂದು ಹಾಕಿದಳು: “ನಿನ್ನ ಹೆಣಾ ಎತ್ತ! ಇಷ್ಟೂ ನೀ ಒಬ್ಬಾಕೀನೇ ಬಡದೇನ?”

ನಾನು ಆಯಿಯ ಮುಖ ನೋಡಿದೆ, ಹುಡುಗಿ ಲ್ಯಾಪ್‌ಟಾಪ್ ನೋಡಿದಳು. ಅದೇ ವಾಕ್ಯ. ಮೊದಲೊಂದು ಬೈಗುಳ, ಆಮೇಲೆ ಒಂದು ಪ್ರಶ್ನೆ, ಆ ಪ್ರಶ್ನೆಯೊಳಗೆ ಹೆಮ್ಮೆ. ಹೆಣ ಎತ್ತೋದಕ್ಕೆ ಹೋಲಿಸಿದರೆ ಬಾಯಿ ಮುಚ್ಚೋದು ಬಹಳ ಮೆತ್ತಗಿನ ಮಾತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹುಡುಗಿ ಸುಮ್ಮನೆ ಒಪ್ಪೋಳಲ್ಲ. “ಆಯಿ ನನ್ನಾಕಿ ಅಕ್ಕಾ. ಎತ್ತಿ ಆಡಿಸ್ಯಾಳ, ಏನರ ಅನ್ಲಿ. ಆ ಮನಷಾ ನನ್ ಮುಖಾನೂ ಸರಿ ನೋಡಿಲ್ಲ. ಅಂವಗ ಹಿಂಗ ಅನ್ನಾಕ ಯಾರ್ ಹಕ್ಕು ಕೊಟ್ಟಾರ?”

ನೋಡ್ರಿ, ಪದದ ಅರ್ಥ ಕಲಿಸೋ ಯೂಟ್ಯೂಬ್ ವಿಡಿಯೊಗಳು ಮುಟ್ಟದೇ ಬಿಡೋದು ಇದನ್ನೇ. ನಮ್ಮಲ್ಲಿ ಪ್ರೀತಿಯ ಬೈಗುಳಕ್ಕೆ ಒಂದು ಲೆಕ್ಕ ಅದೆ. ಆಯಿ ಅಂದರೆ ಮುದ್ದು, ಪಕ್ಕದ ಮನೆಯಾಕಿ ಅದೇ ಮಾತು ಅಂದರೆ ಪಂಚಾಯಿತಿ. ‘ಖೋಡಿ’, ‘ಮಂಗ್ಯಾ’, ‘ಹುಚ್ಚ ಸೂಳಿಮಗನ’ ಇವೆಲ್ಲ ವರ್ಷಗಟ್ಟಲೆ ಕೂಡಿ ಉಂಡವರ ನಡುವಿನ ಮಾತು. ಮೊದಲು ಸಲುಗೆ, ಆಮೇಲೆ ಬೈಗುಳ. ಅಮೆರಿಕದ ಆಫೀಸಿನಲ್ಲಿ ಕ್ರಮ ಬೇರೆ. ಅಲ್ಲಿ ಮೊದಲ ವಾರವೇ ತಮಾಷೆಯ ಬೈಗುಳ ಒಗೆದು, ನಾವು ದೋಸ್ತರು ಅಂತ ತೋರಿಸ್ತಾರೆ. ಬೈಗುಳವೇ ಸಲುಗೆಯ ಕರೆಯೋಲೆ. ಕೆಟ್ಟವರೇನಲ್ಲ, ರೂಢಿ ಬೇರೆ. ಆದರೆ ‘ರೀ’, ‘ಸಾಹೇಬ್ರೇ’ ಅಂತ ಬೆಳೆದ ಹುಡುಗಿಗೆ ಆ ಕರೆ ಎದೆಗೆ ಕಲ್ಲು ಬಿದ್ದಂಗ ಕೇಳಸ್ತದೆ.

ಇನ್ನೊಂದೂ ಅದೆ. ಅವನು ಇವಳಿಗೆ ‘ಶಟಪ್’ ಅನ್ನಬಹುದು, ಇವಳು ತಿರುಗಿ ಅನ್ನಬಹುದೇ? ಪ್ರೊಬೇಷನ್‌ನಲ್ಲಿರೋಳು? ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಅರ್ಥ ಮಾಡಿಕೊಳ್ಳೋದು ಇವತ್ತೇ ಕಲಿಯಬೇಕು, ಆಡೋದನ್ನ ಒಂದು ವರ್ಷ ಬಿಟ್ಟು ಕಲಿತರೂ ನಡೀತದೆ. ‘ವಾವ್’, ‘ರಿಯಲಿ?’, ‘ನೋ ವೇ!’ ಇವು ಯಾರ ಮುಂದೆಯೂ ನಡೆಯೋ ನಾಣ್ಯಗಳು. ‘ಶಟಪ್’ ಮಾತ್ರ ಓರಗೆಯವರ ನಡುವೆ, ಅದೂ ದನಿ ಎತ್ತರಿಸಿ, ಎಳೆದು ಅಂದಾಗ. ‘ಶಟ್ ಅಪ್’ ಅಂತ ಗಿಡ್ಡಕ್ಕೆ ತಗ್ಗಿಸಿ ಅಂದರೆ ಅದು ಖರೇ ಬೈಗುಳ. ಬರವಣಿಗೆಯಲ್ಲಿ ದನಿ ಕೇಳಿಸೋದಿಲ್ಲ, ಅದಕ್ಕೇ ಪಕ್ಕದ ವಾಕ್ಯ ನೋಡಬೇಕು. ಹಿಂದೆಯೇ ಪ್ರಶ್ನೆ ಬಂದಿದ್ದರೆ, ನಗುವ ಇಮೋಜಿ ಇದ್ದರೆ, ಕೆಲಸ ಒಪ್ಪಿಕೊಂಡಿದ್ದರೆ, ಆಯಿಯ ರೊಟ್ಟಿ ಬುಟ್ಟಿ ನೆನೆಸಿಕೊಂಡರೆ ಆಯಿತು.

ಎಲ್ಲ ಉದ್ಗಾರವೂ ಹೀಗೆ ಕಷ್ಟ ಕೊಡೋದಿಲ್ಲ. ಮಾತು ಸರಿ ಕೇಳಿಸದಾಗ ನಾವು ‘ಹಾಂ?’ ಅಂತೀವಲ್ಲ, ಜಗತ್ತಿನ ತೀರ ದೂರದೂರದ ಭಾಷೆಗಳಲ್ಲೂ ಹೆಚ್ಚುಕಡಿಮೆ ಅದೇ ಸದ್ದು ಅಂತ ಮಾರ್ಕ್ ಡಿಂಗೆಮಾನ್ಸೆ ಮತ್ತು ಜೊತೆಗಾರರು 2013ರಲ್ಲಿ ತೋರಿಸಿದರು. 2015ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ನಗಿಸಿ ಆಮೇಲೆ ವಿಚಾರಕ್ಕೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಪ್ರಶಸ್ತಿ ಅದು. ‘ಹಾಂ?’ಗೆ ಪಾಸ್‌ಪೋರ್ಟ್ ಬೇಕಿಲ್ಲ. ಉಳಿದವಕ್ಕೆಲ್ಲ ಬೇಕು.

ಮರುದಿನ ಆಯಿಯನ್ನ ಕರ್ಕೊಂಡು ಗಾಣಗಾಪುರಕ್ಕೆ ಹೋದೆವು. ಸಂಗಮದಲ್ಲಿ ನೀರು ಕಡಿಮೆ ಇತ್ತು. ಮಹಾರಾಷ್ಟ್ರದ ನಂಬರ್ ಪ್ಲೇಟಿನ ಗಾಡಿಗಳೇ ಹೆಚ್ಚು, ಪೂಜಾ ಸಾಮಾನಿನ ಅಂಗಡಿಯವರೂ ಗಿರಾಕಿಯನ್ನ ಮರಾಠಿಯಲ್ಲೇ ಕೂಗ್ತಾರೆ. ಮಧ್ಯಾಹ್ನದ ಹೊತ್ತಿಗೆ ಭಕ್ತರು ಜೋಳಿಗೆ ಹಿಡಿದು ಮಾಧುಕರಿ ಬೇಡ್ತಾರೆ, ಕಾರಿನಲ್ಲಿ ಬಂದವರೂ ಸೈತ. ನೃಸಿಂಹ ಸರಸ್ವತಿಗಳ ಕಥೆ ಹೇಳುವ ಗುರುಚರಿತ್ರೆ ಮರಾಠಿ ಗ್ರಂಥ, ಅದನ್ನ ಬರೆದ ಸರಸ್ವತಿ ಗಂಗಾಧರರ ಮನೆಮಾತು ಮಾತ್ರ ಕನ್ನಡ ಅಂತ ವಿದ್ವಾಂಸರು ಹೇಳ್ತಾರೆ. ಮನೆಯಲ್ಲಿ ಒಂದು, ಬರವಣಿಗೆಗೆ ಇನ್ನೊಂದು. ಈ ಭೀಮಾ ದಂಡೆಯ ಹಳೇ ಚಾಳಿ ಇದು. ಹುಡುಗಿಗೆ ಇದನ್ನ ಹೇಳಿದರೆ, “ಅವರಿಗೆ ಪ್ರೊಬೇಷನ್ ಇರ್ಲಿಲ್ಲ ಅಕ್ಕಾ” ಅಂದಳು.

ಜೇವರ್ಗಿಗೆ ನಾನೊಬ್ಬಳೇ. ಕಲಬುರಗಿಗೆ ವಾಪಸ್ ಬಂದು ಅಲ್ಲಿಂದ ದಕ್ಷಿಣಕ್ಕೆ. ಕಟ್ಟಿಸಂಗಾವಿ ಹತ್ತಿರ ಅದೇ ಭೀಮೆ, ಇಲ್ಲಿ ಅಗಲ ಹೆಚ್ಚು. ಎರಡೂ ಬದಿ ತೊಗರಿ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಲಬುರಗಿ ತೊಗರಿ ಇದೇ. ಜೇವರ್ಗಿ ಅಂದರೆ ವಚನ ಓದಿದವರಿಗೆ ಷಣ್ಮುಖ ಶಿವಯೋಗಿಗಳ ಊರು, 17ನೇ ಶತಮಾನದವರು, ‘ಅಖಂಡೇಶ್ವರಾ’ ಅನ್ನೋದು ಅವರ ಅಂಕಿತ. ಅಂಕಿತ ಅನ್ನೋದೂ ಒಂದು ಕೂಗೇ ಅಲ್ಲವೇ? ವಚನದುದ್ದಕ್ಕೂ ಸಮಾಧಾನದಲ್ಲಿ ಮಾತಾಡಿ ಕೊನೆಗೆ ದೇವರನ್ನ ಹೆಸರು ಹಿಡಿದು ಕರೆಯೋದು. ಅನುವಾದ ಮಾಡುವವರು ಹೆಚ್ಚು ಒದ್ದಾಡೋದು ಅಲ್ಲೇ. ಎ.ಕೆ. ರಾಮಾನುಜನ್ ತಮ್ಮ ಅನುವಾದದಲ್ಲಿ ಕೂಡಲಸಂಗಮದೇವನನ್ನ ‘ಕೂಡುವ ಹೊಳೆಗಳ ಒಡೆಯ’ ಅನ್ನುವ ಅರ್ಥದ ಇಂಗ್ಲಿಷಿಗೆ ತಿರುಗಿಸಿದರು. ಹೆಸರಿನ ಅರ್ಥ ದಾಟಿತು, ಕರೆಯುವ ದನಿ ಎಷ್ಟು ದಾಟಿತು ಅಂತ ಕನ್ನಡದವರು ಇನ್ನೂ ವಾದ ಮಾಡಬಹುದು.

ಉದ್ಗಾರವನ್ನ ತಪ್ಪು ಕೇಳಿಸಿಕೊಂಡು ಒದ್ದಾಡಿದವರು ನಾವಷ್ಟೇ ಅಂದ್ಕೋಬೇಡ್ರಿ. ಜೇವರ್ಗಿ ಸುತ್ತಿನ ಹಳ್ಳಿಗಳಲ್ಲಿ ಮೊಹರಂ ಎಲ್ಲರ ಹಬ್ಬ. ಅಲಾಯಿ ಕುಣಿ ತೋಡ್ತಾರೆ, ಪಂಜಾ ಹೊರ್ತಾರೆ, ಕನ್ನಡದಲ್ಲೇ ರಿವಾಯತ್ ಪದ ಹಾಡ್ತಾರೆ. ಮೆರವಣಿಗೆಯಲ್ಲಿ ಹಸನ್ ಹುಸೇನರ ಹೆಸರು ಕೂಗೋದು ಇಲ್ಲಿಯ ಹಸುಳೆಗೂ ಗೊತ್ತು. ಇದೇ ‘ಯಾ ಹಸನ್! ಯಾ ಹುಸೇನ್!’ ಕೂಗನ್ನ ಹಿಂದೆ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಕೇಳಿದರು. ಅರ್ಥವಾಗಲಿಲ್ಲ. ಎದೆ ಬಡಿದುಕೊಂಡು ದುಃಖದಿಂದ ಕರೆಯುವ ಹೆಸರುಗಳು ಅವು. ಅವರ ಕಿವಿಗೆ ಕೇಳಿಸಿದ್ದು ‘ಹಾಬ್ಸನ್ ಜಾಬ್ಸನ್’, ಇಂಗ್ಲೆಂಡಿನ ಯಾವುದೋ ಇಬ್ಬರು ಗುಮಾಸ್ತರ ಹೆಸರಿನ ಹಾಗೆ. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳ ನಿಘಂಟು ಮಾಡಿದಾಗ ಅದಕ್ಕೆ ಇಟ್ಟ ಹೆಸರೂ ಅದೇ. 1886ರಲ್ಲಿ ಅಚ್ಚಾಯಿತು. ಮೊಹರಂನ ಶೋಕದ ಕರೆ ಅವರಿಗೆ ತಮಾಷೆಯಾಯಿತು, ನಮ್ಮ ಹುಡುಗಿಗೆ ಅಮೆರಿಕದವನ ತಮಾಷೆ ಶೋಕವಾಯಿತು. ವ್ಯತ್ಯಾಸ ಇಷ್ಟೇ, ತಪ್ಪು ಕೇಳಿಸಿಕೊಂಡ ಸೈನಿಕನ ನೌಕರಿಗೆ ಅದರಿಂದ ಯಾವ ಧಕ್ಕೆಯೂ ಇರಲಿಲ್ಲ.

ನಮ್ಮದನ್ನೇ ನಮಗೆ ಅರ್ಥ ಹೇಳು ಅಂದರೂ ಕಷ್ಟವೇ. ಎಳ್ಳಮಾವಾಸಿ ದಿನ ಹೊಲದಲ್ಲಿ ಚರಗ ಚೆಲ್ಲುವಾಗ ‘ಹುಲ್ಲುಲ್ಲಿಗೋ’ ಅಂತ ಕೂಗ್ತಾರೆ, ಊರಿಗೊಂದು ರೂಪ. ಮದುವೆ ಮಾತಿಗೆ ಹೋದ ಮನೆಯಲ್ಲಿ ಹಿರಿಯರೊಬ್ಬರನ್ನ ಹಂಗಂದ್ರೇನ್ರಿ ಅಂತ ಕೇಳಿದೆ. “ಅರ್ಥಾ ಅಂತ ಏನ್ ಕೇಳ್ತೀ ತಂಗಿ, ಹೊಲಕ್ಕ ಗೊತ್ತದ,” ಅಂದರು, ಚಹಾ ಬಸಿಗೆ ಸುರಿದುಕೊಂಡರು. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ, ಈಗಿನ ಮಳಖೇಡ, ಇದೇ ಜಿಲ್ಲೆಯಲ್ಲೇ ಅದೆ. ಕನ್ನಡಗಳು ಎಷ್ಟು ಬಗೆ ಅಂತ ಲೆಕ್ಕ ಹಿಡಿಯಲು ಹೋದರೆ ಸಾವಿರ ಹೆಡೆಯ ವಾಸುಕಿಗೂ ಬೇಸರ ಬಂದೀತು ಅಂತ 9ನೇ ಶತಮಾನದ ಆ ಗ್ರಂಥವೇ ಹೇಳ್ತದೆ.

ಹೊಟ್ಟೆಗೆ ಹಾಕ್ಕೊಳ್ಳದ ಒಂದು ಮಾತು ಮಾತ್ರ ಹೇಳಿಬಿಡ್ತೀನಿ. ನಮ್ಮ ಕಡೆ ಹುಡುಗರು ಬೆಂಗಳೂರಿಗೆ ಹೋದ ತಿಂಗಳಲ್ಲೇ ‘ಯವ್ವಾ’ ಬಿಡ್ತಾರೆ. ಪಿ.ಜಿ.ಯಲ್ಲಿ ಯಾರೋ ಅಣಕಿಸಿರ್ತಾರೆ, ರೀಲ್ಸ್‌ನಲ್ಲಿ ‘ಉತ್ತರ ಕರ್ನಾಟಕದವರು’ ಅಂತ ನಗಿಸಿರ್ತಾರೆ. ಬದಲಿಗೆ ‘ಓ ಮೈ ಗಾಡ್’ ಹಾಕ್ಕೊಳ್ತಾರೆ. 2016ರಲ್ಲಿ ‘ಅಯ್ಯೋ’ ಆಕ್ಸ್‌ಫರ್ಡ್ ನಿಘಂಟಿಗೆ ಸೇರಿತು ಅಂದಾಗ ಎಲ್ಲರೂ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ನಿಘಂಟಿಗೆ ಸೇರಿದ ಮೇಲೆ ಹೆಮ್ಮೆ, ಬಾಯಲ್ಲಿದ್ದಾಗ ನಾಚಿಕೆ.

ಜೇವರ್ಗಿಯಿಂದ ಹೊರಟಾಗ ಹುಡುಗಿಯ ಫೋನು. ಆ ನಾಲ್ಕು ಸಾಲಿನ ಕ್ಷಮಾಪಣೆ ಅಳಿಸಿ, ‘ಯೆಸ್, ಆಲ್ ಬೈ ಮೈಸೆಲ್ಫ್’ ಅಂತ ಕಳಿಸಿದ್ದಳಂತೆ. ಅವನು ತಿರುಗಿ ‘ಹೋಲಿ ಕೌ’ ಅಂದು, ಮುಂದಿನ ಮಾಡ್ಯೂಲ್ ಪೂರ್ತಿ ನೀನೇ ನೋಡ್ಕೋ ಅಂದನಂತೆ. ಖುಷಿ ತಡೆಯಲಾಗದೆ ಇವಳ ಬೆರಳು ಇಂಗ್ಲಿಷ್ ಅಕ್ಷರದಲ್ಲೇ ‘ಯವ್ವಾ!’ ಅಂತ ಒತ್ತಿಬಿಟ್ಟಿದೆ. ಈಗ ಅವನು ಹಂಗಂದ್ರೇನು ಅಂತ ಕೇಳ್ತಿದ್ದಾನೆ.

“ಏನಂತ ಬರೀಲಿ ಅಕ್ಕಾ? ತಾಯಿ ಅಂತ ಬರದ್ರ ನಗ್ತಾನ. ಲಗೂನ ಹೇಳು, ಟೈಪಿಂಗ್ ಅಂತ ತೋರ್ಸಲತ್ತದ ಅವನಿಗೆ.”

ಬಸ್ಸು ಕಟ್ಟಿಸಂಗಾವಿ ಸೇತುವೆ ಮೇಲಿತ್ತು, ನೆಟ್‌ವರ್ಕ್ ಹೋಗಿ ಬರ್ತಿತ್ತು. ‘ಹೆಣಾ ಎತ್ತ’ ಅನ್ನೋದಕ್ಕಿಂತ ಇದು ಸರಳ ಅಂತ ಹೇಳೋಷ್ಟರಲ್ಲಿ ಕಟ್ ಆಯಿತು.